ಎತ್ತರದ ಚಾಲಕನಿಗೆ ಒಗ್ಗುವ ಕಾರು

ಬಸ್ಸಿನಲ್ಲಿ ಎತ್ತರದ ವ್ಯಕ್ತಿಯೊಬ್ಬರು ಮುಂದಿನ ಸೀಟಿಗೆ ಮಂಡಿ ಒತ್ತಿಕೊಂಡು ಓರೆಯಾಗಿ ಕುಳಿತಿರುವುದನ್ನು ನಾವೆಲ್ಲ ಕಂಡಿದ್ದೇವೆ. ಪ್ರಯಾಣಿಕರಾದರೆ ಈ ತೊಂದರೆ ಇಳಿಯುವವರೆಗೆ ಮಾತ್ರ. ಅದೇ ವ್ಯಕ್ತಿ ಕಾರಿನ ಸ್ಟೀರಿಂಗ್ ಹಿಡಿದಾಗ ವಿಷಯ ಬೇರೆಯಾಗುತ್ತದೆ. ಮಂಡಿ ಸ್ಟೀರಿಂಗ್ ಚಕ್ರಕ್ಕೆ ತಗಲಿ, ಬಲಗಾಲು ಆಕ್ಸಿಲರೇಟರಿನಿಂದ ಬ್ರೇಕಿಗೆ ಹೋಗುವುದು ಕೇವಲ 0.3 ಸೆಕೆಂಡು ತಡವಾಯಿತು ಎಂದುಕೊಳ್ಳಿ. ಗಂಟೆಗೆ 60 ಕಿಮೀ ವೇಗವೆಂದರೆ ಸೆಕೆಂಡಿಗೆ 16.7 ಮೀಟರ್. ಆ ಅಲ್ಪ ಅವಧಿಯಲ್ಲಿ ಕಾರು 5 ಮೀಟರ್ ಮುಂದೆ ಸಾಗಿರುತ್ತದೆ. ರಸ್ತೆ ದಾಟುತ್ತಿರುವ ಮಗುವಿನ ಪಾಲಿಗೆ ಈ 5 ಮೀಟರ್ ಬಹಳ ದೊಡ್ಡ ದೂರ. ಆದ್ದರಿಂದ ಚಾಲಕ ಹಾಯಾಗಿ ಕೂರುವುದು ಸುಖದ ಪ್ರಶ್ನೆ ಮಾತ್ರವಲ್ಲ, ಸುರಕ್ಷತೆಯ ಪ್ರಶ್ನೆಯೂ ಹೌದು.

ಎತ್ತರದವರಿಗೆ ದೊಡ್ಡ ಕಾರೇ ಬೇಕು ಎಂಬ ನಂಬಿಕೆ ಸಾಮಾನ್ಯ. ಇದು ಪೂರ್ತಿ ನಿಜವಲ್ಲ. ಉದ್ದನೆಯ ಕಾರಿನಲ್ಲಿ ಮಂಡಿ ಮಡಚಿ ಕೂರಬೇಕಾಗಬಹುದು, ಚಿಕ್ಕ ಕಾರಿನಲ್ಲಿ ಆರಾಮವಾಗಿ ಕಾಲು ಚಾಚಬಹುದು. ಹೊರಗಿನ ಅಳತೆಗಿಂತ ಮುಖ್ಯವಾದದ್ದು ಒಳಗಿನ ಜ್ಯಾಮಿತಿ. ಪ್ರೌಢಶಾಲೆಯ ತ್ರಿಕೋನಮಿತಿ ಮತ್ತು ಪದವಿಪೂರ್ವ ತರಗತಿಯ ಬಲವಿಜ್ಞಾನ ಇಷ್ಟಿದ್ದರೆ ಅದನ್ನು ಅರ್ಥಮಾಡಿಕೊಳ್ಳಬಹುದು.

ಸರಾಸರಿ ಮನುಷ್ಯ ಎಲ್ಲಿದ್ದಾನೆ?

ಕಾರಿನ ವಿನ್ಯಾಸಕಾರರು ಜನರ ಎತ್ತರವನ್ನು ಪರ್ಸೆಂಟೈಲ್ ಲೆಕ್ಕದಲ್ಲಿ ನೋಡುತ್ತಾರೆ. ನೂರು ಜನರನ್ನು ಎತ್ತರದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ಗಿಡ್ಡ ತುದಿಯಿಂದ 95ನೆಯ ಸ್ಥಾನದಲ್ಲಿರುವವರ ಎತ್ತರ 95ನೆಯ ಪರ್ಸೆಂಟೈಲ್. ಸಾಮಾನ್ಯವಾಗಿ 5ನೆಯ ಪರ್ಸೆಂಟೈಲ್ ಮಹಿಳೆಯಿಂದ 95ನೆಯ ಪರ್ಸೆಂಟೈಲ್ ಪುರುಷನವರೆಗೆ ಎಲ್ಲರಿಗೂ ಹೊಂದುವಂತೆ ಚಾಲಕನ ಜಾಗವನ್ನು ರೂಪಿಸುವ ರೂಢಿಯಿದೆ. ಅಮೆರಿಕದ ಅಳತೆಗಳಲ್ಲಿ ಈ ವ್ಯಾಪ್ತಿ ಸುಮಾರು 150 ಸೆಂಮೀಯಿಂದ 188 ಸೆಂಮೀವರೆಗೆ. ಇದರಾಚೆ ಇರುವವರು ವಿನ್ಯಾಸದ ಲೆಕ್ಕದಿಂದ ಹೊರಗೆ ಉಳಿಯುತ್ತಾರೆ. ವಯಸ್ಕ ಪುರುಷರ ಸರಾಸರಿ ಎತ್ತರ ಸುಮಾರು 165 ಸೆಂಮೀ ಇರುವ ನಮ್ಮ ದೇಶದಲ್ಲಿ 190 ಸೆಂಮೀ, ಅಂದರೆ ಆರು ಅಡಿ ಮೂರು ಅಂಗುಲ, ಎತ್ತರದವರು ವಿರಳ. ಆದರೆ ವಿರಳವೆಂದ ಮಾತ್ರಕ್ಕೆ ಅವರ ಮಂಡಿ ನೋಯದೆ ಇರುವುದಿಲ್ಲ.

ಎತ್ತರ ಒಂದೇ ಇದ್ದರೂ ದೇಹದ ಪ್ರಮಾಣ ಒಂದೇ ಇರಬೇಕಿಲ್ಲ. 1950ರ ಸುಮಾರಿಗೆ ಅಮೆರಿಕದ ವಾಯುಪಡೆ ತನ್ನ 4,000ಕ್ಕೂ ಹೆಚ್ಚು ವಿಮಾನ ಚಾಲಕರ ದೇಹದ ಅಳತೆಗಳನ್ನು ಸಂಗ್ರಹಿಸಿತು. ಆ ಪೈಕಿ ಹತ್ತು ಅಳತೆಗಳನ್ನು ಆಯ್ದುಕೊಂಡು, ಹತ್ತರಲ್ಲೂ ಸರಾಸರಿಗೆ ಹತ್ತಿರವಿರುವವರು ಎಷ್ಟು ಜನ ಎಂದು ಗಿಲ್ಬರ್ಟ್ ಡೇನಿಯಲ್ಸ್ ಎಂಬ ಸಂಶೋಧಕರು ಲೆಕ್ಕ ಹಾಕಿದರು. ಉತ್ತರ: ಒಬ್ಬರೂ ಇಲ್ಲ! ಒಬ್ಬರ ಕಾಲು ಉದ್ದ, ಇನ್ನೊಬ್ಬರ ಮುಂಡ ಉದ್ದ, ಮತ್ತೊಬ್ಬರ ತೋಳು ಉದ್ದ. ಇದರ ಪಾಠ ಸರಳ: 'ಸರಾಸರಿ ಮನುಷ್ಯ'ನಿಗೆಂದು ಮಾಡಿದ ಆಸನ ಯಾರಿಗೂ ಸರಿಯಾಗಿ ಹೊಂದುವುದಿಲ್ಲ. ಆಸನವನ್ನೇ ವ್ಯಕ್ತಿಗೆ ತಕ್ಕಂತೆ ಸರಿಸುವ ವ್ಯವಸ್ಥೆ ಇರಬೇಕು.

ಮಂಡಿಯ ತ್ರಿಕೋನ

ಕಾರಿನ ಒಳಾಂಗಣದ ಎಲ್ಲ ಅಳತೆಗಳಿಗೂ ಮೂಲಬಿಂದು ಒಂದಿದೆ. ಅದು ಕುಳಿತ ವ್ಯಕ್ತಿಯ ಸೊಂಟದ ಕೀಲಿನ ಸ್ಥಾನ. ವಿನ್ಯಾಸಕಾರರು ಇದನ್ನು ಎಚ್-ಬಿಂದು ಎನ್ನುತ್ತಾರೆ. ಕಾಲು, ತಲೆ, ಕೈಗಳಿಗೆ ಸಿಗುವ ಜಾಗವನ್ನೆಲ್ಲ ಇಲ್ಲಿಂದಲೇ ಅಳೆಯುತ್ತಾರೆ.

ದೇಹದ ಭಾಗಗಳ ಉದ್ದಕ್ಕೂ ಒಟ್ಟು ಎತ್ತರಕ್ಕೂ ಇರುವ ಅನುಪಾತಗಳನ್ನು 1966ರಲ್ಲಿ ಡ್ರಿಲ್ಲಿಸ್ ಮತ್ತು ಕಾಂಟಿನಿ ಪ್ರಕಟಿಸಿದರು. ಅವುಗಳ ಪ್ರಕಾರ ಸೊಂಟದ ಕೀಲಿನಿಂದ ಮಂಡಿಗೆ ಎತ್ತರದ 0.245 ಪಾಲು, ಮಂಡಿಯಿಂದ ಕಾಲ್ಗಿಣ್ಣಿಗೆ 0.246 ಪಾಲು. ಎರಡೂ ಬಹುಪಾಲು ಸಮ. ಹಾಗಾಗಿ ಸೊಂಟ, ಮಂಡಿ, ಕಾಲ್ಗಿಣ್ಣು ಸೇರಿ ಸಮದ್ವಿಬಾಹು ತ್ರಿಕೋನವಾಗುತ್ತದೆ. 190 ಸೆಂಮೀ ಎತ್ತರದವರಲ್ಲಿ ಇದರ ಪ್ರತಿ ಬಾಹು ಸುಮಾರು 46.6 ಸೆಂಮೀ.

ಪೆಡಲ್ ಒತ್ತಲು ಮಂಡಿಯ ಕೋನ ಸುಮಾರು 120 ಡಿಗ್ರಿ ಇದ್ದರೆ ಅನುಕೂಲ. ಆಗ ಸೊಂಟದಿಂದ ಕಾಲ್ಗಿಣ್ಣಿಗೆ ಇರುವ ನೇರ ದೂರ 165 ಸೆಂಮೀ ಎತ್ತರದವರಿಗೆ 70 ಸೆಂಮೀ, 190 ಸೆಂಮೀ ಎತ್ತರದವರಿಗೆ ಸುಮಾರು 81 ಸೆಂಮೀ. ಎಂದರೆ ಎತ್ತರದವರಿಗಾಗಿ ಸೀಟು ಸುಮಾರು 11 ಸೆಂಮೀ ಹೆಚ್ಚು ಹಿಂದೆ ಸರಿಯಬೇಕು. ಸೀಟಿನ ಹಳಿ ಅಷ್ಟು ಉದ್ದವಿಲ್ಲದೆ 75 ಸೆಂಮೀಗೇ ನಿಂತಿತು ಎನ್ನೋಣ. ಆಗ ಮಂಡಿಯ ಕೋನ 107 ಡಿಗ್ರಿಗೆ ಇಳಿಯುತ್ತದೆ. ಸೊಂಟ ಮತ್ತು ಕಾಲ್ಗಿಣ್ಣನ್ನು ಸೇರಿಸುವ ರೇಖೆಯಿಂದ ಮಂಡಿಯ ಎತ್ತರ 23.3 ಸೆಂಮೀ ಇದ್ದದ್ದು 27.7 ಸೆಂಮೀಗೆ ಏರುತ್ತದೆ. ಹಳಿಯಲ್ಲಿ 6 ಸೆಂಮೀ ಕೊರತೆಯಾದರೆ ಮಂಡಿ 4.4 ಸೆಂಮೀ ಮೇಲೇಳುತ್ತದೆ. ಸ್ಟೀರಿಂಗ್ ಚಕ್ರದ ಕೆಳಗಿನ ಅಂಚು ಇರುವುದು ಅಲ್ಲಿಯೇ.

ಮಂಡಿ ಮೇಲೆದ್ದಾಗ ತೊಡೆ ಸೀಟಿನಿಂದ ಬಿಟ್ಟುಕೊಳ್ಳುತ್ತದೆ. ಪ್ರತಿ ತೊಡೆಯ ತೂಕ ದೇಹದ ತೂಕದ ಸುಮಾರು ಹತ್ತನೆಯ ಒಂದು ಪಾಲು. 85 ಕಿಗ್ರಾಂ ತೂಗುವ ವ್ಯಕ್ತಿಯಲ್ಲಿ ಇದು 8.5 ಕಿಗ್ರಾಂ. ತೊಡೆಗೆ ಆಸರೆ ತಪ್ಪಿದರೆ ಈ ಭಾರದ ಹೆಚ್ಚಿನ ಪಾಲು ಕೂರುವ ಎಲುಬುಗಳ ಚಿಕ್ಕ ಜಾಗದ ಮೇಲೆ ಬೀಳುತ್ತದೆ. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು ಎಂದು ನಮಗೆ ಗೊತ್ತು. ಬಲ ಹೆಚ್ಚಿ ವಿಸ್ತೀರ್ಣ ಕುಗ್ಗಿದರೆ ಒತ್ತಡ ಎರಡೂ ಕಡೆಯಿಂದ ಏರುತ್ತದೆ. ಒಂದೆರಡು ಗಂಟೆಯ ಪ್ರಯಾಣದಲ್ಲೇ ಜೋಮು ಹಿಡಿಯಲು ಇದು ಕಾರಣ.

ತಲೆಗೆ ಮೂರು, ಕೈಗೆ ಒಂಬತ್ತು

ತಲೆ ಛಾವಣಿಗೆ ತಗಲಿದರೆ ಎಲ್ಲರೂ ಮಾಡುವ ಕೆಲಸ ಬೆನ್ನೊರಗನ್ನು ಹಿಂದಕ್ಕೆ ವಾಲಿಸುವುದು. ಇದರಿಂದ ಎಷ್ಟು ಲಾಭ? 190 ಸೆಂಮೀ ಎತ್ತರದವರಲ್ಲಿ ಸೊಂಟದಿಂದ ಭುಜಕ್ಕೆ ಸುಮಾರು 55 ಸೆಂಮೀ. ರಸ್ತೆ ನೋಡಬೇಕಾದ್ದರಿಂದ ತಲೆ ನೆಟ್ಟಗೇ ಇರುತ್ತದೆ, ವಾಲುವುದು ಮುಂಡ ಮಾತ್ರ. ಬೆನ್ನೊರಗು ಲಂಬದಿಂದ 15 ಡಿಗ್ರಿ ವಾಲಿದ್ದಾಗ ಭುಜ ಸೊಂಟಕ್ಕಿಂತ 53 ಸೆಂಮೀ ಮೇಲಿರುತ್ತದೆ. 25 ಡಿಗ್ರಿ ವಾಲಿದಾಗ 50 ಸೆಂಮೀ. ತಲೆಗೆ ಸಿಕ್ಕಿದ ಜಾಗ 3 ಸೆಂಮೀ.

ಇದಕ್ಕೆ ತೆತ್ತ ಬೆಲೆ ನೋಡಿ. ಭುಜ ಹಿಂದಕ್ಕೆ ಸರಿದ ದೂರ 9 ಸೆಂಮೀ! ಭುಜದಿಂದ ಮಣಿಕಟ್ಟಿನವರೆಗೆ ತೋಳಿನ ಉದ್ದ 63 ಸೆಂಮೀ. ಅದರ ಏಳನೆಯ ಒಂದು ಪಾಲು ಕೈಜಾರಿದಂತಾಯಿತು. ಸಣ್ಣ ಕೋನಗಳಲ್ಲಿ ಕೋಸೈನ್ ನಿಧಾನವಾಗಿ ಬದಲಾಗುತ್ತದೆ, ಸೈನ್ ವೇಗವಾಗಿ ಬದಲಾಗುತ್ತದೆ ಎಂಬ ಪಾಠದ ಪರಿಣಾಮವಿದು. ಈಗ ಸ್ಟೀರಿಂಗ್ ಎಟುಕಲೆಂದು ಚಾಲಕ ಭುಜ ಮುಂದಕ್ಕೆ ಚಾಚಿ ಗೂನುಬೆನ್ನಾಗುತ್ತಾನೆ, ಇಲ್ಲವೆ ಸೀಟನ್ನೇ ಮುಂದೆ ಎಳೆದುಕೊಂಡು ಮಂಡಿಯ ತ್ರಿಕೋನವನ್ನು ಕೆಡಿಸಿಕೊಳ್ಳುತ್ತಾನೆ.

ಆದ್ದರಿಂದ ಎತ್ತರದವರು ಕಾರಿನಲ್ಲಿ ಮೊದಲು ಹುಡುಕಬೇಕಾದ್ದು ಎರಡು ಸೌಲಭ್ಯ. ಮೊದಲನೆಯದು, ಸೀಟನ್ನು ಕೆಳಗಿಳಿಸುವ ವ್ಯವಸ್ಥೆ. ಸೀಟು 3 ಸೆಂಮೀ ಇಳಿದರೆ ಭುಜ ಹಿಂದೆ ಸರಿಯದೆಯೇ ತಲೆಗೆ 3 ಸೆಂಮೀ ಸಿಗುತ್ತದೆ. ಎರಡನೆಯದು, ಚಾಲಕನತ್ತ ಎಳೆದುಕೊಳ್ಳಬಹುದಾದ ಸ್ಟೀರಿಂಗ್. ಅನೇಕ ಕಾರುಗಳಲ್ಲಿ ಸ್ಟೀರಿಂಗನ್ನು ಮೇಲೆ ಕೆಳಗೆ ಮಾತ್ರ ಹೊಂದಿಸಬಹುದು. ಅದು ಮಂಡಿಯ ತೊಂದರೆಯನ್ನು ನೀಗಬಹುದೇ ಹೊರತು ತೋಳಿನ ತೊಂದರೆಯನ್ನಲ್ಲ. ಇನ್ನು ಛಾವಣಿಯಲ್ಲಿ ಸರಿಯುವ ಗಾಜು ಇದ್ದರೆ ಅದರ ಚೌಕಟ್ಟು ತಲೆಯ ಮೇಲಿನ ಜಾಗವನ್ನು ತಿನ್ನುವುದುಂಟು. ಹೆಚ್ಚು ಹಣ ಕೊಟ್ಟು ಕೊಂಡ ಸೌಲಭ್ಯವೇ ತಲೆಗೆ ತಗಲುತ್ತದೆ.

ಎತ್ತರದ ಪೆಟ್ಟಿಗೆಯ ಗುಟ್ಟು

ಉದ್ದ ಹೆಚ್ಚಿಸದೆ ಕಾಲಿಗೆ ಜಾಗ ಒದಗಿಸಲು ಒಂದು ಉಪಾಯವಿದೆ: ಚಾಲಕನನ್ನು ಕುರ್ಚಿಯಲ್ಲಿ ಕೂರಿಸಿದಂತೆ ಎತ್ತರದಲ್ಲಿ ಕೂರಿಸುವುದು. ಸೊಂಟದಿಂದ ಕಾಲ್ಗಿಣ್ಣಿಗೆ ಬೇಕಾದ 81 ಸೆಂಮೀ ದೂರವನ್ನು ಲಂಬಕೋನ ತ್ರಿಕೋನದ ಕರ್ಣವೆಂದು ಭಾವಿಸಿ. ಸೊಂಟವು ಕಾಲ್ಗಿಣ್ಣಿಗಿಂತ 20 ಸೆಂಮೀ ಮೇಲಿದ್ದರೆ ನೆಲದಲ್ಲಿ ಬೇಕಾಗುವ ಉದ್ದ 78 ಸೆಂಮೀ. 35 ಸೆಂಮೀ ಮೇಲಿದ್ದರೆ 73 ಸೆಂಮೀ ಸಾಕು. 5 ಸೆಂಮೀ ಉದ್ದ ಉಳಿಯಿತು. ಛಾವಣಿಯನ್ನು ಮಾತ್ರ ಅದಕ್ಕೆ ತಕ್ಕಂತೆ ಎತ್ತರಿಸಬೇಕು.

ಭಾರತಕ್ಕೆ 1998ರಲ್ಲಿ ಬಂದ ಹ್ಯುಂಡೈ ಸ್ಯಾಂಟ್ರೋ ಮತ್ತು 1999ರಲ್ಲಿ ಬಂದ ಮಾರುತಿ ವ್ಯಾಗನ್ ಆರ್ ಕಾರುಗಳ 'ಟಾಲ್ ಬಾಯ್' ವಿನ್ಯಾಸದ ತತ್ವ ಇದೇ. 2006ರ ಕೇಂದ್ರ ಬಜೆಟ್ಟಿನಲ್ಲಿ 4 ಮೀಟರಿಗಿಂತ ಚಿಕ್ಕದಾದ, ಚಿಕ್ಕ ಎಂಜಿನ್ನಿನ ಕಾರುಗಳಿಗೆ ಅಬಕಾರಿ ಸುಂಕ ಇಳಿಸಿದ ಮೇಲೆ, ಉದ್ದವನ್ನು ಬಿಗಿಹಿಡಿದು ಎತ್ತರವನ್ನು ಬೆಳೆಸುವ ಪ್ರವೃತ್ತಿಗೆ ಇನ್ನಷ್ಟು ಕಾರಣ ಸಿಕ್ಕಿತು. ಎತ್ತರದ ಚಾಲಕರಿಗೆ ಇದು ಅನಿರೀಕ್ಷಿತ ಕೊಡುಗೆ.

ವಿದ್ಯುತ್ ಕಾರುಗಳಲ್ಲಿ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಬ್ಯಾಟರಿಯನ್ನು ನೆಲದಡಿಯಲ್ಲಿ ಜೋಡಿಸಿದಾಗ ಕಾಲಿಡುವ ನೆಲ ಮೇಲೇರುತ್ತದೆ. ಛಾವಣಿ ಮತ್ತು ಸೀಟು ಇದ್ದಲ್ಲೇ ಇದ್ದು ನೆಲ 10 ಸೆಂಮೀ ಏರಿದರೆ, ನಮ್ಮ ತ್ರಿಕೋನದಲ್ಲಿ 35 ಸೆಂಮೀ ಇದ್ದ ಲಂಬ 25 ಸೆಂಮೀ ಆಗಿ, ನೆಲದ ಮೇಲೆ 4 ಸೆಂಮೀ ಹೆಚ್ಚು ಉದ್ದ ಬೇಕಾಗುತ್ತದೆ. ಆ ಉದ್ದ ಸಿಗದಿದ್ದರೆ ಮಂಡಿ ಮೇಲೇಳುತ್ತದೆ.

ಕಣ್ಣು ಮತ್ತು ಸಿಗ್ನಲ್

ಎತ್ತರದವರ ಇನ್ನೊಂದು ತೊಂದರೆ ಸಿಗ್ನಲ್ ದೀಪ ಕಾಣದಿರುವುದು. ಮುಂದಿನ ಗಾಜಿನ ಮೇಲಂಚು ಕಣ್ಣಿಗಿಂತ 40 ಸೆಂಮೀ ಮುಂದೆ ಮತ್ತು 8 ಸೆಂಮೀ ಮೇಲೆ ಇದೆಯೆನ್ನಿ. ಕಣ್ಣು ನೆಲದಿಂದ 1.3 ಮೀಟರ್ ಎತ್ತರದಲ್ಲಿದ್ದು, ದೀಪ 5 ಮೀಟರ್ ಎತ್ತರದಲ್ಲಿದ್ದರೆ, ಸಮರೂಪ ತ್ರಿಕೋನಗಳ ಪ್ರಕಾರ ದೀಪ ಕಾಣಲು ಕನಿಷ್ಠ 18.5 ಮೀಟರ್ ದೂರದಲ್ಲಿ ನಿಲ್ಲಬೇಕು. ಮೇಲಂಚು ಕಣ್ಣಿಗಿಂತ 18 ಸೆಂಮೀ ಮೇಲಿದ್ದರೆ ಸುಮಾರು 8 ಮೀಟರ್ ಸಾಕು. ಸಿಗ್ನಲ್ ಬಳಿ ಬಾಗಿ ಬಾಗಿ ನೋಡುವ ಎತ್ತರದ ಚಾಲಕನ ಕಷ್ಟಕ್ಕೆ ಕಾರಣ ಈ ಹತ್ತು ಸೆಂಟಿಮೀಟರ್.

ಓಡಿಸುವ ಖುಷಿ

ಎತ್ತರದ ಕಾರೇ ಎಲ್ಲಕ್ಕೂ ಪರಿಹಾರವೆಂದರೆ ಭೌತವಿಜ್ಞಾನ ಒಪ್ಪುವುದಿಲ್ಲ. ತಿರುವಿನಲ್ಲಿ ಒಳಚಕ್ರಗಳಿಂದ ಹೊರಚಕ್ರಗಳಿಗೆ ವರ್ಗವಾಗುವ ಭಾರ ಗುರುತ್ವ ಕೇಂದ್ರದ ಎತ್ತರಕ್ಕೆ ನೇರ ಅನುಪಾತದಲ್ಲಿರುತ್ತದೆ. ಗುರುತ್ವ ಕೇಂದ್ರ 52 ಸೆಂಮೀ ಇದ್ದದ್ದು 60 ಸೆಂಮೀಗೆ ಏರಿದರೆ ಈ ಭಾರ ಶೇ. 15ರಷ್ಟು ಹೆಚ್ಚುತ್ತದೆ. ಎಡಬಲ ಚಕ್ರಗಳ ನಡುವಿನ ಅಂತರವನ್ನು ಗುರುತ್ವ ಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸಿದರೆ ಬರುವ ಸಂಖ್ಯೆ ಕಾರಿನ ಸ್ಥಿರತೆಯ ಅಳತೆಗೋಲು. ಅಂತರ 1.45 ಮೀಟರ್ ಇದ್ದರೆ ಮೊದಲ ಕಾರಿಗೆ ಇದು 1.39, ಎರಡನೆಯದಕ್ಕೆ 1.21. ಸಂಖ್ಯೆ ಕಡಿಮೆಯಾದಷ್ಟೂ ಉರುಳುವ ಸಂಭವ ಹೆಚ್ಚು. ಇದಲ್ಲದೆ ಕಾರು ಪಕ್ಕಕ್ಕೆ 4 ಡಿಗ್ರಿ ವಾಲಿದಾಗ, ವಾಲುವ ಅಕ್ಷದಿಂದ ಒಂದು ಮೀಟರ್ ಮೇಲಿರುವ ತಲೆ 7 ಸೆಂಮೀ ಪಕ್ಕಕ್ಕೆ ತೂಗುತ್ತದೆ. ಘಟ್ಟದ ರಸ್ತೆಯಲ್ಲಿ ಓಡಿಸುವ ಖುಷಿ ಕೆಡುವುದು ಇಲ್ಲಿ. ನೆಲದಡಿಯ ಬ್ಯಾಟರಿ ಮಂಡಿಗೆ ತೊಂದರೆ ಕೊಟ್ಟರೂ ಗುರುತ್ವ ಕೇಂದ್ರವನ್ನು ತಗ್ಗಿಸಿ ಈ ವಿಷಯದಲ್ಲಿ ಉಪಕಾರ ಮಾಡುತ್ತದೆ.

ಕುಲುಕಾಟವನ್ನೂ ಗಮನಿಸಬೇಕು. ಕುಳಿತ ಮನುಷ್ಯನ ದೇಹ ಸೆಕೆಂಡಿಗೆ 4ರಿಂದ 8 ಆವರ್ತನೆಗಳ ಮೇಲೆ-ಕೆಳಗಿನ ಕಂಪನಕ್ಕೆ ಹೆಚ್ಚು ಸ್ಪಂದಿಸುತ್ತದೆ. ಇದು ಅನುರಣನೆ. ಆದ್ದರಿಂದ ಆರಾಮದ ಕಾರುಗಳ ಸ್ಪ್ರಿಂಗುಗಳನ್ನು ಸ್ವಾಭಾವಿಕ ಆವೃತ್ತಿ ಇದಕ್ಕಿಂತ ಬಹಳ ಕೆಳಗೆ, 1ರಿಂದ 1.5ರ ಆಸುಪಾಸಿನಲ್ಲಿ ಇರುವಂತೆ ಆರಿಸುತ್ತಾರೆ. ಆದರೆ ಮೆತ್ತನೆಯ ಸ್ಪ್ರಿಂಗಿನ ಕಾರು ರಸ್ತೆಯುಬ್ಬಿನ ಮೇಲೆ ಹೆಚ್ಚು ಏರಿಳಿಯುತ್ತದೆ. ತಲೆಯ ಮೇಲೆ ಎರಡೇ ಬೆರಳಿನಷ್ಟು ಜಾಗವಿದ್ದವರಿಗೆ ಇದರ ಅರ್ಥ ಬೇಗ ತಿಳಿಯುತ್ತದೆ.

ಕೊಳ್ಳುವ ಮುನ್ನ

ಅಂಗಡಿಯಲ್ಲಿ ಎರಡು ನಿಮಿಷ ಕೂತು ನೋಡಿದರೆ ಸಾಲದು. ಈ ಕ್ರಮದಲ್ಲಿ ಪರೀಕ್ಷಿಸಿ. ಸೀಟನ್ನು ಪೂರ್ತಿ ಕೆಳಗಿಳಿಸಿ. ಕ್ಲಚ್ಚನ್ನು ಪೂರ್ತಿ ಒತ್ತಿದಾಗಲೂ ಮಂಡಿ ತುಸು ಬಾಗಿರುವಂತೆ ಸೀಟನ್ನು ಹಿಂದೆ ಸರಿಸಿ. ಬೆನ್ನು ಒರಗಿಗೆ ತಾಗಿದ್ದಂತೆಯೇ ಕೈ ಚಾಚಿದರೆ ಮಣಿಕಟ್ಟು ಸ್ಟೀರಿಂಗಿನ ಮೇಲಂಚಿನ ಮೇಲೆ ಕೂರಬೇಕು. ಎದೆಯ ಎಲುಬಿಗೂ ಸ್ಟೀರಿಂಗಿನ ನಡುವಿಗೂ ಕನಿಷ್ಠ 25 ಸೆಂಮೀ ಅಂತರವಿರಲಿ. ಗಾಳಿಚೀಲ ಉಬ್ಬಲು ಅಷ್ಟು ಜಾಗ ಬೇಕು. ಬಲಗಾಲನ್ನು ಬ್ರೇಕಿಗೂ ಆಕ್ಸಿಲರೇಟರಿಗೂ ಹತ್ತು ಸಲ ಬದಲಿಸಿ, ಮಂಡಿ ಎಲ್ಲೂ ತಗಲಬಾರದು. ತಲೆಗೂ ಛಾವಣಿಗೂ ನಡುವೆ ಒಂದು ಮುಷ್ಟಿ ಹಿಡಿಸಬೇಕು.

ಎತ್ತರದವರು ಮರೆಯುವ ಅಂಶ ಹೆಡ್‌ರೆಸ್ಟ್. ಹಿಂದಿನಿಂದ ವಾಹನ ಗುದ್ದಿದಾಗ ಸೀಟು ಮುಂಡವನ್ನು ಮುಂದೆ ತಳ್ಳುತ್ತದೆ, ತಲೆ ಜಡತ್ವದಿಂದ ಇದ್ದಲ್ಲೇ ಉಳಿಯುತ್ತದೆ. ನಡುವೆ ಸಿಕ್ಕ ಕತ್ತು ಹಿಂದಕ್ಕೆ ಮಡಚಿಕೊಳ್ಳುತ್ತದೆ. ಹೆಡ್‌ರೆಸ್ಟಿನ ಮೇಲ್ತುದಿ ಕನಿಷ್ಠ ಕಿವಿಯ ಮೇಲ್ಭಾಗದ ಮಟ್ಟಕ್ಕೆ ಬರಬೇಕು. ಕತ್ತಿನ ಮಟ್ಟದಲ್ಲೇ ನಿಂತರೆ ಅದು ತಲೆಯನ್ನು ತಡೆಯುವ ಬದಲು ಸನ್ನೆಯ ಆನಿಕೆಯಂತೆ ವರ್ತಿಸುತ್ತದೆ. ಈ ಒಂದು ಕೊರತೆಯಿದ್ದರೆ, ಉಳಿದೆಲ್ಲ ಚೆನ್ನಾಗಿದ್ದರೂ ಆ ಕಾರನ್ನು ಬಿಡುವುದೇ ಲೇಸು.

ತರಗತಿಯಲ್ಲಿ ಮಾಡಿ ನೋಡಿ

ಮೇಲಿನ ಅನುಪಾತಗಳನ್ನು ಬಳಸಿ 1:10 ಪ್ರಮಾಣದಲ್ಲಿ ರಟ್ಟಿನ ಮನುಷ್ಯನನ್ನು ಕತ್ತರಿಸಿ, ಸೊಂಟ, ಮಂಡಿ, ಭುಜಗಳಲ್ಲಿ ಗುಂಡುಪಿನ್ನು ಚುಚ್ಚಿ ಕೀಲು ಮಾಡಿ. 165 ಸೆಂಮೀ ಮತ್ತು 190 ಸೆಂಮೀ ಎತ್ತರದ ಎರಡು ಗೊಂಬೆಗಳು ಸಾಕು. ಗ್ರಾಫ್ ಹಾಳೆಯ ಮೇಲೆ ಪೆಡಲ್, ಸ್ಟೀರಿಂಗ್, ಛಾವಣಿ ಗುರುತಿಸಿ ಗೊಂಬೆಗಳನ್ನು ಕೂರಿಸಿ ನೋಡಿ. ಅನಂತರ ವಿದ್ಯಾರ್ಥಿಗಳ ಎತ್ತರ ಮತ್ತು ಕುಳಿತಾಗಿನ ಎತ್ತರಗಳನ್ನು ಅಳೆದು ಅನುಪಾತ ಲೆಕ್ಕ ಹಾಕಿಸಿ. ಒಂದೇ ಎತ್ತರದ ಇಬ್ಬರಲ್ಲಿ ಅದು ಬೇರೆಯಾಗಿರುವುದು ಕಂಡಾಗ, ಡೇನಿಯಲ್ಸ್ ಕಂಡುಕೊಂಡ ಸತ್ಯ ತರಗತಿಯಲ್ಲೇ ಸಿಗುತ್ತದೆ. ಹಾಗೆಯೇ ಹಿಂದಿನ ಬೆಂಚಿನ ಎತ್ತರದ ಹುಡುಗನ ಮಂಡಿ ಡೆಸ್ಕಿಗೆ ತಗಲುತ್ತಿದೆಯೇ ಎಂದೂ ಒಮ್ಮೆ ನೋಡಿ. ಅವನು ದಿನಕ್ಕೆ ಆರು ಗಂಟೆ ಅಲ್ಲಿ ಕೂರುತ್ತಾನೆ.