ದೂರದ ಪರದೆ ತೆರೆಯದಿದ್ದಾಗ

ಬೆಂಗಳೂರು–ಹುಬ್ಬಳ್ಳಿ ರೈಲುಮಾರ್ಗದಿಂದ ಹಾಸನದ ಹಳಿ ಕವಲೊಡೆಯುವ ಅರಸೀಕೆರೆ ಜಂಕ್ಷನ್ನಿನಲ್ಲಿ, ಖಾಲಿ ಆಸನಗಳ ಲೆಕ್ಕ ಮುಂಗಡ ಟಿಕೆಟ್ ಕೌಂಟರಿನ ಯಂತ್ರದಲ್ಲಿರುವುದಿಲ್ಲ; ದೂರದ ಕೇಂದ್ರ ಕಂಪ್ಯೂಟರಿನಲ್ಲಿರುವ ಲೆಕ್ಕವನ್ನು ಕೌಂಟರಿನ ಪರದೆ ತೋರಿಸುತ್ತದೆ, ಅಷ್ಟೆ. ಕೆಲಸ ಒಂದೆಡೆ, ನೋಟ ಹಲವೆಡೆ ಎಂಬ ಈ ಏರ್ಪಾಟಿನ ವಿಂಡೋಸ್ ರೂಪವೇ ರಿಮೋಟ್ ಡೆಸ್ಕ್‌ಟಾಪ್. 1998ರಲ್ಲಿ ವಿಂಡೋಸ್ ಎನ್‌ಟಿ 4.0ರ ಟರ್ಮಿನಲ್ ಸರ್ವರ್ ಆವೃತ್ತಿಯೊಂದಿಗೆ ಬಂದ ಈ ವಿಧಾನದಲ್ಲಿ ಬಳಕೆದಾರರು ಒತ್ತಿದ ಕೀಲಿ, ಆಡಿಸಿದ ಮೌಸ್ ಸರ್ವರಿಗೆ ತಿಳಿಯುತ್ತವೆ, ಸರ್ವರಿನ ಪರದೆಯ ಚಿತ್ರ ಅವರತ್ತ ಹಿಂದಿರುಗುತ್ತದೆ. ಅರಸೀಕೆರೆಯ ಕೊಬ್ಬರಿ ಮಂಡಿಯೊಂದು ತನ್ನ ಟ್ಯಾಲಿ ಲೆಕ್ಕವನ್ನು ಒಂದೇ ಸರ್ವರಿನಲ್ಲಿಟ್ಟು ಬೇಲೂರು, ಹಳೇಬೀಡಿನ ಶಾಖೆಗಳಿಂದ ಬಳಸುತ್ತದೆ ಎಂದಿಟ್ಟುಕೊಂಡರೆ, ಶಾಖೆಯ ಪರದೆ ತೆರೆಯದಿರಲು ಕಾರಣ ಎರಡು ಬಗೆಯದಾಗಿರಬಹುದು: ದಾರಿಯೇ ಕಟ್ಟಿರಬಹುದು, ಇಲ್ಲವೇ ದಾರಿಯಿದ್ದೂ ಪ್ರವೇಶದ ಹಕ್ಕು ಮುಗಿದಿರಬಹುದು.

ಮೊದಲನೆಯದನ್ನು ಪತ್ತೆಹಚ್ಚುವುದು ಸುಲಭ. ಪಾಸ್‌ವರ್ಡ್ ಕೇಳುವ ಹಂತಕ್ಕೂ ತಲುಪದಿದ್ದರೆ, ಸರ್ವರ್ ಚಾಲೂ ಇದೆಯೇ, ಅದರ ಹೆಸರು ಸರಿಯಾದ ಐಪಿ ವಿಳಾಸವನ್ನು ಕೊಡುತ್ತಿದೆಯೇ, ರಿಮೋಟ್ ಡೆಸ್ಕ್‌ಟಾಪ್ ಬಳಸುವ 3389ನೆಯ ಪೋರ್ಟನ್ನು, ಅಂದರೆ ಜಾಲದಲ್ಲಿ ಆ ಸೇವೆಗೆ ಗೊತ್ತುಮಾಡಿದ ದ್ವಾರವನ್ನು, ಫೈರ್‌ವಾಲ್ ತಡೆದಿದೆಯೇ ಎಂದು ನೋಡಿದರೆ ಹೆಚ್ಚಿನ ಪ್ರಕರಣಗಳು ಬಗೆಹರಿಯುತ್ತವೆ. ಆದರೆ ಅವಸರದಲ್ಲಿ ಈ ದ್ವಾರವನ್ನು ನೇರವಾಗಿ ಇಂಟರ್ನೆಟ್ಟಿಗೆ ತೆರೆದಿಡುವುದು ಅವಿವೇಕ: 2019ರಲ್ಲಿ ಬಯಲಾದ ಬ್ಲೂಕೀಪ್ ಎಂಬ ದೋಷ, ಹಳೆಯ ವಿಂಡೋಸ್ ಆವೃತ್ತಿಗಳಲ್ಲಿ ಪಾಸ್‌ವರ್ಡ್ ಇಲ್ಲದೆಯೇ ಒಳನುಗ್ಗಲು ಇದೇ ಮಾರ್ಗವನ್ನು ಒದಗಿಸಿತ್ತು. ಶಾಖೆಗಳ ಸಂಪರ್ಕ ವಿಪಿಎನ್ ಎಂಬ ಗೂಢಲಿಪೀಕರಿಸಿದ ಖಾಸಗಿ ದಾರಿಯ ಮೂಲಕವೇ ಆಗಬೇಕು.

ಪರವಾನಗಿಯ ತೊಡಕು ಇದಕ್ಕಿಂತ ಗೋಜಲಿನದು, ಏಕೆಂದರೆ ಅದು ಕಾಲಕ್ಕೆ ಕಟ್ಟುಬಿದ್ದದ್ದು. ವಿಂಡೋಸ್ ಸರ್ವರ್ ಆಡಳಿತದ ಕೆಲಸಕ್ಕೆಂದು ಏಕಕಾಲಕ್ಕೆ ಇಬ್ಬರಿಗೆ ಮಾತ್ರ ಪ್ರವೇಶ ಕೊಡುತ್ತದೆ. ಹೆಚ್ಚು ಜನರಿಗಾಗಿ ಸೆಷನ್ ಹೋಸ್ಟ್ ಎಂಬ ಸೇವೆಯನ್ನು ಅಳವಡಿಸಿದರೆ 120 ದಿನಗಳ ವಿನಾಯಿತಿ ಸಿಗುತ್ತದೆ, ಆಮೇಲೆ ಪ್ರತಿ ಬಳಕೆದಾರರಿಗೆ ಅಥವಾ ಪ್ರತಿ ಯಂತ್ರಕ್ಕೆ ಸಿಎಎಲ್ ಎಂಬ ಪರವಾನಗಿ ಬೇಕಾಗುತ್ತದೆ. ನಾಲ್ಕು ತಿಂಗಳು ಸರಿಯಿದ್ದ ಸರ್ವರ್ ಯಾರೂ ಮುಟ್ಟದಿದ್ದರೂ ಬಾಗಿಲು ಮುಚ್ಚುವುದಕ್ಕೆ ಬಹುಪಾಲು ಇದೇ ಕಾರಣ. ಪರವಾನಗಿ ಕೊಂಡಿದ್ದರೂ, ಅದನ್ನು ಹಂಚುವ ಲೈಸೆನ್ಸ್ ಸರ್ವರ್ ಯಾವುದೆಂದು ಸೆಷನ್ ಹೋಸ್ಟಿಗೆ ತಿಳಿಸಿರದಿದ್ದರೆ ಫಲವಿಲ್ಲ. 2016ರ ಆವೃತ್ತಿಯ ಪರವಾನಗಿಯನ್ನು 2019ರ ಸರ್ವರ್ ಒಪ್ಪುವುದೂ ಇಲ್ಲ. ಯಂತ್ರವಾರು ಪರವಾನಗಿಗಳೆಲ್ಲ ಹಂಚಿಹೋದ ಮೇಲೆ ಬಂದ ಹೊಸ ಯಂತ್ರಕ್ಕೆ 90 ದಿನಗಳ ತಾತ್ಕಾಲಿಕ ಪರವಾನಗಿಯಷ್ಟೇ ದೊರೆಯುವುದರಿಂದ, ಬೇಲೂರಿನ ಹಳೆಯ ಕಂಪ್ಯೂಟರ್ ಎಂದಿನಂತೆ ಒಳಹೋಗುತ್ತಿರುವಾಗಲೇ ಹಳೇಬೀಡಿನ ಹೊಸದು ಹೊರಗುಳಿಯಬಹುದು. ಇಂಥಲ್ಲಿ ಊಹೆ ಮಾಡುತ್ತ ಕೂರುವ ಬದಲು, ಆಡಳಿತದ ಪ್ರವೇಶಕ್ಕೆಂದೇ ಇರುವ ಅಡ್ಮಿನ್ ಆಯ್ಕೆಯಿಂದ ಒಳಹೊಕ್ಕು ಲೈಸೆನ್ಸಿಂಗ್ ಡಯಾಗ್ನೋಸರ್ ತೆರೆದರೆ, ಲೈಸೆನ್ಸ್ ಸರ್ವರ್ ಸಿಕ್ಕಿಲ್ಲವೋ, ಪರವಾನಗಿ ತೀರಿದೆಯೋ, ಬಗೆ ಹೊಂದುತ್ತಿಲ್ಲವೋ ಎಂಬುದನ್ನು ಅದೇ ಹೇಳುತ್ತದೆ.

ರಿಜಿಸ್ಟ್ರಿ ಎಂಬ ಸಂಯೋಜನಾ ದಾಖಲೆಯಲ್ಲಿರುವ ವಿನಾಯಿತಿ ಅವಧಿಯ ನಮೂದನ್ನು ಅಳಿಸಿ ಮತ್ತೆ 120 ದಿನ ಗಿಟ್ಟಿಸುವ ಉಪಾಯವೂ ಚಾಲ್ತಿಯಲ್ಲಿದೆ; ಅದು ಪರವಾನಗಿಯ ಷರತ್ತನ್ನು ಮುರಿಯುವ ಕೆಲಸವೇ ಹೊರತು ದುರಸ್ತಿಯಲ್ಲ.