‘ಉಪ್ಪುನೀರಿನ ಟ್ಯಾಫಿ’: ಒಂದು ನಾಮವಿಚಾರ

ಅಮೆರಿಕಾದ ನ್ಯೂಜರ್ಸಿ ಪ್ರಾಂತದ ಕಡಲತಡಿಯಲ್ಲಿರುವ ಅಟ್ಲಾಂಟಿಕ್ ಸಿಟಿಯಲ್ಲಿ ‘ಸಾಲ್ಟ್ ವಾಟರ್ ಟ್ಯಾಫಿ’, ಎಂದರೆ ಉಪ್ಪುನೀರಿನ ಟ್ಯಾಫಿ, ಎಂಬ ಅಂಟುಮಿಠಾಯಿಯು ಪ್ರಸಿದ್ಧವಾಗಿದೆ. 1883ರಲ್ಲಿ ಡೇವಿಡ್ ಬ್ರಾಡ್ಲೆ ಎಂಬವನ ಅಂಗಡಿಗೆ ಕಡಲು ನುಗ್ಗಿ ಮಿಠಾಯಿ ನೆನೆಯಲು, ಕೊಳ್ಳಬಂದ ಬಾಲೆಗೆ ಅವನು ಪರಿಹಾಸದಿಂದ ಈ ಹೆಸರನ್ನು ಹೇಳಿದನಂತೆ. ಇದು ಜನಶ್ರುತಿಯೇ ಹೊರತು ನಿರ್ಣೀತವಾದ ಚರಿತ್ರೆಯಲ್ಲ.

ಈ ಮಿಠಾಯಿಯಲ್ಲಿ ಕಡಲ ನೀರು ಇಲ್ಲವೇ ಇಲ್ಲ. ಸಕ್ಕರೆ, ಮುಸುಕಿನ ಜೋಳದ ಪಾಕ, ಬೆಣ್ಣೆಗಳೊಡನೆ ಉಪ್ಪೂ ನೀರೂ ಸೇರುವುವು. ಕುದಿಸಿ ಆರಿಸಿದ ಪಾಕವನ್ನು ಮತ್ತೆ ಮತ್ತೆ ಎಳೆಯುವುದರಿಂದ ಗಾಳಿ ಸೇರಿ ಮೃದುತ್ವವುಂಟಾಗುವುದು. ಆದುದರಿಂದ ‘ಉಪ್ಪಾದ ನೀರು’ ಎಂದು ಕರ್ಮಧಾರಯವಾಗಿ ವಿಗ್ರಹಿಸಿದರೆ ಹೆಸರು ಸುಳ್ಳು. ‘ಉಪ್ಪೂ ನೀರೂ’ ಎಂದು ದ್ವಂದ್ವವಾಗಿ ವಿಗ್ರಹಿಸಿದರೆ ನಿಜ. ಕಡಲಿನ ಸಾಹಚರ್ಯವು ಕೇಳುವವರನ್ನು ಮೊದಲನೆಯ ಅರ್ಥಕ್ಕೇ ಸೆಳೆಯುವುದು. ಹೆಸರಿನಿಂದ ವಸ್ತುವನ್ನು ನಿರ್ಣಯಿಸಲಾಗದು. ವಸ್ತುವಿನಿಂದಲೇ ಹೆಸರನ್ನು ಪರೀಕ್ಷಿಸಬೇಕು.