ಕರಿಯನ ಕಾಲಿಗೆ ಬೂಟಿರಲಿಲ್ಲ

ಎಲ್ಲ ಶುರುವಾಗಿದ್ದು ಒಂದು ರೀಲ್‌ನಿಂದ. ಇಟಲಿಯ ಡೋಲೊಮೈಟ್ಸ್ ಬೆಟ್ಟಸಾಲು, ಬೆಳ್ಳಗಿನ ಸುಣ್ಣಕಲ್ಲಿನ ಶಿಖರಗಳು, ಅದರ ನಡುವೆ ಬೆನ್ನಿಗೆ ಬ್ಯಾಗ್ ಹಾಕಿಕೊಂಡ ಒಬ್ಬ ಹುಡುಗ. ಅವನ ಮುಂದೆ ಬಾಲ ಎತ್ತಿಕೊಂಡು ಓಡುತ್ತಿರೋ ನಾಯಿ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಕ್ಯಾಬ್ ನಿಂತಿದ್ದಾಗ ಅದನ್ನ ನಾಲ್ಕೈದು ಸಲ ನೋಡಿರಬೇಕು. ಈ ವಾರ ಊರಿಗೆ ಹೋದಾಗ ನಾನೂ ಕರಿಯನೂ ಬೆಟ್ಟ ಹತ್ತೋದೇ ಅಂತ ಅಲ್ಲೇ ತೀರ್ಮಾನ ಮಾಡಿಬಿಟ್ಟೆ.

ಕರಿಯ ನಮ್ಮ ನಾಯಿ. ಲಾಕ್‌ಡೌನ್ ಸಮಯದಲ್ಲಿ ಬೆಂಗಳೂರಿನ ನಮ್ಮ ಬೀದಿಯ ಚರಂಡಿ ಪಕ್ಕ ಸಿಕ್ಕ ಮರಿ. ಈಗ 22 ಕೆಜಿ ತೂಗೋ ಅಪ್ಪಟ ನಾಟಿ ನಾಯಿ. ನಮ್ಮೂರು ಮಳವಳ್ಳಿ ತಾಲ್ಲೂಕಿನಲ್ಲಿದೆ. ಊರಾಚೆ ಒಂದು ಕಲ್ಲುಗುಡ್ಡ, ಮೇಲೆ ಪುಟ್ಟ ಗುಡಿ. ಚಿಕ್ಕವನಿದ್ದಾಗ ಬರಿಗಾಲಲ್ಲಿ ಹತ್ತಿ ಇಳಿದ ಗುಡ್ಡ ಅದು. ಅದೇನು ಮಹಾ ಅನ್ನೋ ಧೈರ್ಯ ನನಗೆ.

ಶಿವರಾತ್ರಿ ಮುಗಿದು ಎರಡು ವಾರ ಆಗಿತ್ತು. ಅವ್ವ ಹಾಕಿಕೊಟ್ಟ ರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದು ಹೊರಟಾಗ ಒಂಬತ್ತೂವರೆ. ಕೈಯಲ್ಲಿ ಒಂದೇ ಒಂದು ಲೀಟರ್ ನೀರಿನ ಬಾಟಲಿ. ಕಾಲಿಗೆ ಮೂರೂವರೆ ಸಾವಿರದ ಟ್ರೆಕ್ಕಿಂಗ್ ಶೂ.

ಅರ್ಧ ದಾರಿ ಲಂಟಾನ ಪೊದೆಗಳ ನಡುವೆ ಚೆನ್ನಾಗೇ ಹೋಯ್ತು. ಆಮೇಲೆ ಬರೀ ಬಂಡೆ. ಕರಿಯ ನೆರಳು ಕಂಡಲ್ಲೆಲ್ಲ ಕೂರೋಕೆ ಶುರುಮಾಡಿದ. ನಾನು ‘ಬಾರೋ ಸೋಮಾರಿ’ ಅಂತ ಹಗ್ಗ ಎಳೆದೆ. ಅವನೂ ಎದ್ದು ಬಂದ. ನಾಯಿ ಅಲ್ವಾ, ಕರೆದರೆ ಬರುತ್ತೆ. ಗುಡಿ ಹತ್ತಿರ ಬರುವಷ್ಟರಲ್ಲಿ ಹನ್ನೊಂದು ದಾಟಿತ್ತು. ವಿಡಿಯೊ ಮಾಡೋಣ ಅಂತ ಫೋನ್ ತೆಗೆದರೆ ಪರದೆಯಲ್ಲಿ ಕಂಡಿದ್ದು ಬೇರೆಯೇ. ನಾಲಿಗೆ ಪೂರ್ತಿ ಹೊರಗೆ, ಬಾಯಿಂದ ಅಂಟಂಟು ಜೊಲ್ಲು, ಹಿಂಗಾಲು ಕುಡಿದವರ ಹಾಗೆ ತೂರಾಡ್ತಾ ಇತ್ತು. ಹೆಸರು ಕರೆದರೆ ನನ್ನ ಕಡೆ ನೋಡಲೂ ಇಲ್ಲ.

ಅಲ್ಲೇ ಆಡು ಮೇಯಿಸುತ್ತಿದ್ದ ಒಬ್ಬ ತಾತ ಬಂದರು. ಬಂಡೆ ಮೇಲೆ ಅಂಗೈ ಇಟ್ಟು ನೋಡಿದರು.

“ಏನ್ಲಾ ಮಗಾ, ನಿನ್ ಕಾಲ್ಗೆ ಬೂಟೈತೆ. ಇದ್ರ ಕಾಲ್ಗೇನೈತ್ಲಾ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಕರಿಯನನ್ನು ಎತ್ತಿಕೊಂಡು ಬಂಡೆಯ ನೆರಳು ಬದಿಯಲ್ಲಿದ್ದ ದೊಣೆಗೆ ಹೋದೆವು. ತಳದಲ್ಲಿ ವಸಿ ನೀರು ಉಳಿದಿತ್ತು. ತಾತ ಟೋಪಿಯಲ್ಲಿ ಮೊಗೆದು ಅವನ ಹೊಟ್ಟೆ, ತೊಡೆ ಸಂದಿ, ಪಾದಕ್ಕೆ ಹುಯ್ದರು. ನನಗೆ ಟವೆಲ್ ಕೊಟ್ಟು ಗಾಳಿ ಬೀಸು ಅಂದರು. ನಾನು ಗಾಬರಿಯಲ್ಲಿ ಬಾಟಲಿ ಬಾಯಿಗೆ ಹಿಡಿಯೋಕೆ ಹೋದಾಗ ಕೈ ತಡೆದರು. “ಒಂದೇ ಸಲಕ್ಕೆ ಬ್ಯಾಡ. ಅದಾಗೇ ನೆಕ್ಲಿ, ವಸಿ ವಸೀನೇ ಬುಡು.”

ಇಪ್ಪತ್ತು ನಿಮಿಷಕ್ಕೆ ಕಣ್ಣು ತಿರುಗಿಸಿ ನೋಡಿದ. ಆಡಿನ ಹಾಗೆ ಹೆಗಲ ಮೇಲೆ ಹಾಕಿಕೊಂಡು ಇಳಿದೆ. ಪಶು ವೈದ್ಯರು ಥರ್ಮಾಮೀಟರ್ ಇಟ್ಟಾಗ, ಅಷ್ಟೆಲ್ಲ ನೀರು ಹಾಕಿದ ಮೇಲೂ 105 ಡಿಗ್ರಿ ಫ್ಯಾರನ್‌ಹೀಟ್. ನಾಲ್ಕೂ ಅಂಗಾಲಿನಲ್ಲಿ ಬೊಬ್ಬೆ. ಡ್ರಿಪ್ ಹಾಕಿದರು. “ನೀರು ಹಾಕದೇ ಹಾಗೇ ಎತ್ಕೊಂಡು ಬಂದಿದ್ರೆ ಉಳೀತಿರ್ಲಿಲ್ಲ” ಅಂದರು. ಬದುಕಿಸಿದ್ದು ಆ ತಾತ, ನಾನಲ್ಲ.

ನಾಯಿಯ ಮೈ ಹೇಗೆ ತಣಿಯುತ್ತೆ?

ನಾಯಿಯ ಸಹಜ ಮೈಬಿಸಿಯೇ ನಮಗಿಂತ ಹೆಚ್ಚು, ಸುಮಾರು 101ರಿಂದ 102.5 ಡಿಗ್ರಿ. ನಮಗೆ ಮೈಯೆಲ್ಲ ಬೆವರುತ್ತೆ, ಗಾಳಿ ಬಂದರೆ ತಣ್ಣಗಾಗುತ್ತೆ. ನಾಯಿ ಬೆವರೋದು ಮುಖ್ಯವಾಗಿ ಅಂಗಾಲಿನಲ್ಲಿ ಮಾತ್ರ, ಅದರಿಂದ ಮೈ ತಣಿಯೋದು ಅಷ್ಟಕ್ಕಷ್ಟೆ. ಉಳಿದ ಕೆಲಸವೆಲ್ಲ ಏದುಸಿರಿನದ್ದು. ನಾಲಿಗೆ, ಬಾಯಿಯ ತೇವ ಆವಿಯಾದರೆ ಮೈ ತಣಿಯುತ್ತೆ. ಸುತ್ತಲಿನ ಗಾಳಿಯೇ ಬಿಸಿಯಾಗಿದ್ದರೆ, ಕೆಳಗಿಂದ ಬಂಡೆಯೂ ಕಾಯಿಸುತ್ತಿದ್ದರೆ ಏದುಸಿರು ಸಾಲೋದಿಲ್ಲ. 106 ಡಿಗ್ರಿ ಹತ್ತಿರ ಬಂತು ಅಂದ್ರೆ ಒಳಗಿನ ಅಂಗಾಂಗಗಳೇ ಕೆಡೋಕೆ ಶುರುವಾಗುತ್ತವೆ. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂಗಿನ ನಾಯಿಗಳಿಗೆ ಇದು ಇನ್ನೂ ಬೇಗ ಆಗುತ್ತೆ. ಅವನ್ನು ಬಿಸಿಲಿನ ಬೆಟ್ಟಕ್ಕೆ ಕರೆದೊಯ್ಯಲೇಬಾರದು.

ನಾಟಿ ನಾಯಿ ತಡ್ಕೊಳ್ಳುತ್ತೆ ಅಂತ ನಾನು ನಂಬಿದ್ದೆ. ಹಳ್ಳಿಯ ನಾಯಿ ನಿಜಕ್ಕೂ ಗಟ್ಟಿ. ಆದರೆ ಅದು ಮಧ್ಯಾಹ್ನ ಬೆಟ್ಟ ಹತ್ತೋಲ್ಲ, ಜಗುಲಿ ಕೆಳಗೆ ಮಲಗಿರುತ್ತೆ. ನನ್ನ ಕರಿಯ ವಾರವಿಡೀ ಎರಡನೇ ಮಹಡಿಯಲ್ಲಿ ಫ್ಯಾನ್ ಕೆಳಗಿರೋನು. ದಿನಕ್ಕೆ ಎರಡು ಸಲ ಹದಿನೈದು ನಿಮಿಷದ ವಾಕಿಂಗ್. ಜೊತೆಗೆ ಕಪ್ಪು ಮೈ.

ರೀಲ್‌ನಲ್ಲಿದ್ದ ಬೆಟ್ಟಕ್ಕೂ ನಮ್ಮದಕ್ಕೂ ಹೋಲಿಕೆಯೇ ಇಲ್ಲ. ಅಲ್ಲಿ ಎತ್ತರ, ತಣ್ಣನೆ ಗಾಳಿ. ನಮ್ಮಲ್ಲಿ ಸುಣ್ಣಕಲ್ಲಿನ ಶಿಖರ ನೋಡಬೇಕಂದ್ರೆ ಉತ್ತರ ಕನ್ನಡದ ಯಾಣಕ್ಕೆ ಹೋಗಬೇಕು. ಅಲ್ಲಿನ ಭೈರವೇಶ್ವರ ಶಿಖರ 120 ಮೀಟರ್ ಎತ್ತರ, ಆದರೆ ಸುತ್ತ ಮಲೆನಾಡಿನ ಕಾಡಿನ ನೆರಳಿದೆ. ಮಳವಳ್ಳಿ, ಕನಕಪುರ, ರಾಮನಗರದ ಕಡೆಯವು ಬೋಳು ಬಂಡೆಗಳು. ಬೆಳಗಿನಿಂದ ಬಿಸಿಲು ಕುಡಿದು ಮಧ್ಯಾಹ್ನಕ್ಕೆ ರೊಟ್ಟಿ ಹಂಚಾಗುತ್ತವೆ, ಸಂಜೆಯಾದರೂ ಬಿಸಿ ಬಿಡೋದಿಲ್ಲ.

ಆತಕೂರಿನ ಕಾಳಿ

ಕರಿಯ ಚೇತರಿಸಿಕೊಳ್ಳುತ್ತಿದ್ದ ಆ ವಾರ ಮನೆಯಿಂದಲೇ ಕೆಲಸ ಮಾಡಿದೆ. ಒಂದು ರಾತ್ರಿ ಅಪ್ಪ ಅವನ ತಲೆ ಸವರುತ್ತಾ, “ನಮ್ ಸೀಮೇಲಿ ನಾಯಿಗೇ ವೀರಗಲ್ಲು ಹಾಕ್ಸವ್ರೆ, ಗೊತ್ತೇನ್ಲಾ?” ಅಂದರು.

ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನದ ಮಾತು ಅದು. ಕಾಲ ಕ್ರಿ.ಶ. 949–50. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣ ಮತ್ತು ಗಂಗರ ಇಮ್ಮಡಿ ಬೂತುಗ ಒಂದಾಗಿ ಚೋಳರನ್ನು ಸೋಲಿಸಿದರು. ಆ ಯುದ್ಧದಲ್ಲಿ ಪರಾಕ್ರಮ ತೋರಿದವನು ಬೂತುಗನ ಕಡೆಯ ಮಣಲೇರ. ಮೆಚ್ಚಿದ ಅರಸ ಏನು ಬೇಕು ಕೇಳು ಅಂದಾಗ, ಅವನು ಕೇಳಿದ್ದು ಊರನ್ನೂ ಅಲ್ಲ, ಹೊನ್ನನ್ನೂ ಅಲ್ಲ. ಕಾಳಿ ಅನ್ನೋ ನಾಯಿಯನ್ನು.

ಮುಂದೆ ಬೆಳತೂರಿನ ಪಕ್ಕದ ಬೆಟ್ಟದಲ್ಲಿ ದೊಡ್ಡ ಹಂದಿಯೊಂದರ ಮೇಲೆ ಕಾಳಿಯನ್ನು ಬಿಟ್ಟರು. ನಾಯಿ, ಹಂದಿ ಎರಡೂ ಕಾದಾಡಿ ಸತ್ತವು. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹಂದಿಯ ಮೇಲೆ ಎರಗಿದ ನಾಯಿಯ ಚಿತ್ರವೂ ಅದರ ಮೇಲಿದೆ. ವೀಕೆಂಡ್‌ನಲ್ಲಿ ಒಂದು ಗಂಟೆ ಬಿಡುವು ಮಾಡಿಕೊಂಡು ನೋಡಿ ಬನ್ನಿ.

ನಾನೂ ಹೋಗಿ ಅದರ ಮುಂದೆ ನಿಂತೆ. ಶಾಲೆಯಲ್ಲಿ ಇದನ್ನ ನಾಯಿಯ ನಿಷ್ಠೆಯ ಕಥೆ ಅಂತ ಓದಿದ್ದೆವು. ಈಗ ನನಗೆ ಕಂಡಿದ್ದು ಇನ್ನೊಂದು. ಬೇಡಿ ತಂದುಕೊಂಡ ನಾಯಿಯನ್ನ ಬೆಟ್ಟದಲ್ಲಿ ಹಂದಿ ಮೇಲೆ ಬಿಟ್ಟದ್ದು ಮನುಷ್ಯ. ಮಣಲೇರನಿಗೆ ಬೇಟೆ ಆ ಕಾಲದ ಧರ್ಮ. ನನ್ನದು ಬರೀ ಹದಿನೈದು ಸೆಕೆಂಡಿನ ವಿಡಿಯೊ. ನಾಯಿ ಎರಡಕ್ಕೂ ‘ಆಗಲ್ಲ’ ಅಂತ ಬಾಯಿಬಿಟ್ಟು ಹೇಳೋದಿಲ್ಲ. ನೆರಳಲ್ಲಿ ಕೂತು ಹೇಳುತ್ತೆ. ಕರಿಯ ಅವತ್ತು ಮೂರು ಸಲ ಹೇಳಿದ್ದ.

ನೀವೂ ಹೊರಡೋದಾದರೆ

- ಬೇಸಿಗೆಯಲ್ಲಿ ಬಂಡೆ ಬೆಟ್ಟ ಬೇಡವೇ ಬೇಡ. ಚಳಿಗಾಲದಲ್ಲೂ ಪೂರ್ತಿ ಬೆಳಕು ಹರಿದ ಮೇಲೆ ಹೊರಟು ಒಂಬತ್ತರೊಳಗೆ ಕೆಳಗಿರಿ. ನಮ್ಮ ಕಡೆ ಕಬ್ಬಿನ ಗದ್ದೆ, ಕಲ್ಲುಗುಡ್ಡ ಎರಡರಲ್ಲೂ ಚಿರತೆ ಇದೆ, ಅದಕ್ಕೆ ನಾಯಿ ಸುಲಭದ ಬೇಟೆ. ಕತ್ತಲಲ್ಲಿ ಹೋಗಬೇಡಿ, ಹಗ್ಗ ಬಿಚ್ಚಬೇಡಿ.
- ಬಂಡೆ ಮೇಲೆ ಮುಂಗೈ ಇಟ್ಟು ಏಳು ಎಣಿಸಿ. ನಿಮ್ಮ ಕೈ ಸುಟ್ಟರೆ ಅದರ ಕಾಲೂ ಸುಡುತ್ತೆ.
- ನಾಯಿಗೆ ಅಂತಲೇ ಬೇರೆ ನೀರು, ಒಂದು ಬಟ್ಟಲು ಇರಲಿ. ದೊಣೆಯ ನಿಂತ ನೀರು ಕುಡಿಸಬೇಡಿ, ಇಲಿಜ್ವರದಂಥ ಸೋಂಕು ಬರಬಹುದು. ಅವತ್ತು ನಮಗದು ಆಪತ್ತಿಗೆ ಒದಗಿತು ಅಷ್ಟೆ.
- ಒಂದು ವರ್ಷದೊಳಗಿನ ಮರಿಗೆ ದೊಡ್ಡ ಏರು ಬೇಡ. ಕೀಲು ಇನ್ನೂ ಬಲಿತಿರೋದಿಲ್ಲ.
- ತೂರಾಟ, ಅಂಟು ಜೊಲ್ಲು, ಕಡುಗೆಂಪು ಒಸಡು ಕಂಡರೆ ಅಲ್ಲೇ ನಿಲ್ಲಿ. ನೆರಳು, ಮೈಗೆ ನೀರು, ಗಾಳಿ. ಮೊದಲು ತಣಿಸಿ, ಆಮೇಲೆ ಆಸ್ಪತ್ರೆಗೆ ಓಡಿ. ಒದ್ದೆ ಬಟ್ಟೆ ಹೊದಿಸಿ ಹಾಗೇ ಬಿಡಬೇಡಿ, ಬಿಸಿ ಒಳಗೇ ಉಳಿಯುತ್ತೆ.
- ಮನೆಗೆ ಬಂದ ಮೇಲೆ ಕಿವಿ, ಬೆರಳ ಸಂದಿಯಲ್ಲಿ ಉಣ್ಣೆ ಹುಡುಕಿ ತೆಗೆಯಿರಿ.

ಇನ್ನೊಂದು ಮಾತು. ಮುತ್ತತ್ತಿ ಕಡೆಯ ಕಾಡು ಕಾವೇರಿ ವನ್ಯಜೀವಿ ಧಾಮದ್ದು. ಅಂಥ ಕಡೆ ನಾಯಿ ಕರೆದೊಯ್ಯಬಾರದು. ಅಪಾಯ ಅದಕ್ಕೊಂದೇ ಅಲ್ಲ. 2018ರಲ್ಲಿ ಗುಜರಾತಿನ ಗಿರ್‌ನಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಹಲವುದರಲ್ಲಿ ಡಿಸ್ಟೆಂಪರ್ ವೈರಸ್ ಪತ್ತೆಯಾಗಿತ್ತು. ಅದು ನಾಯಿಗಳಲ್ಲೂ ಹರಡುವ ರೋಗ. ರೇಬಿಸ್, ಡಿಸ್ಟೆಂಪರ್ ಲಸಿಕೆ ಆಗದ ನಾಯಿಯನ್ನ ಕಾಡಂಚಿಗೂ ಕರೆದೊಯ್ಯಬೇಡಿ.

ಕರಿಯನ ಅಂಗಾಲಿನ ಚರ್ಮ ಮತ್ತೆ ಬಲಿಯೋಕೆ ಮೂರು ವಾರ ಬೇಕಾಯ್ತು. ಡಿಸೆಂಬರ್‌ನಲ್ಲಿ ಮತ್ತೆ ಅದೇ ಗುಡ್ಡಕ್ಕೆ ಹೋದೆವು, ಬೆಳಿಗ್ಗೆ ಏಳಕ್ಕೆ. ಗುಡಿ ಕಣ್ಣಿಗೆ ಕಾಣುತ್ತಿತ್ತು, ಇನ್ನು ಹತ್ತು ನಿಮಿಷದ ದಾರಿ. ಕರಿಯ ಒಂದು ಬಂಡೆಯ ನೆರಳು ನೋಡಿ ಕೂತ. ನಾನೂ ಪಕ್ಕದಲ್ಲಿ ಕೂತೆ. ಬಟ್ಟಲಿಗೆ ನೀರು ಹಾಕಿದೆ, ಕುಡಿದ. ಆಮೇಲೆ ಎದ್ದು ಊರಿನ ಕಡೆ ಮುಖ ಮಾಡಿ ನಿಂತ.

ಸರಿ ಕಣೋ ಅಂದೆ. ಇಬ್ಬರೂ ಇಳಿದು ಮನೆಗೆ ಬಂದಾಗ ಅವ್ವ ಇನ್ನೂ ರೊಟ್ಟಿ ತಟ್ಟುತ್ತಿದ್ದರು.